ಅಮ್ಮನ ಕೋಲು ಇಳಿದ ಜಾಗ

ಟೈಲರ್ ಹಠ ಹಿಡಿದರೆ ಮುಗಿಯಿತು. ಗುಡ್ಡದ ಇಳಿಜಾರಿನಲ್ಲಿ ಮನೆ ಕಟ್ಟಲು ಹೊರಟಾಗಲೂ ಅವನದು ಒಂದೇ ಹಠ: ಮನೆಯಲ್ಲಿ ಒಂದು ಮೆಟ್ಟಿಲೂ ಇರಬಾರದು. ಅಮ್ಮನಿಗೆ ಮಂಡಿನೋವು. ಬಾಡಿಗೆ ಮನೆಯ ಮಹಡಿಯಿಂದ ಇಳಿಯಲಾಗದೆ ಆಕೆ ಕಿಟಕಿಯ ಪಕ್ಕದಲ್ಲೇ ದಿನ ಕಳೆಯುತ್ತಿದ್ದಳು. ಅದನ್ನು ನೋಡಿದಾಗಲೆಲ್ಲ ಮಗನ ಕರುಳು ಚುರುಕ್ ಎನ್ನುತ್ತಿತ್ತು.

ಹಾಗಾಗಿ ಯಂತ್ರ ಬಂತು. ಮೇಲಿನ ಬದಿಯನ್ನು ಅಗೆದು, ಆ ಮಣ್ಣನ್ನೇ ಕೆಳಬದಿಗೆ ಸುರಿದು, ಜಾಗವನ್ನು ಇಸ್ತ್ರಿ ಹಾಕಿದ ಹಾಗೆ ಸಮ ಮಾಡಿತು. ಕಣಿವೆ ಕಾಣುವ ಕೆಳ ಅಂಚಿನಲ್ಲಿ ಅಮ್ಮನ ಕೋಣೆಗೆ ಸುಣ್ಣದ ಗೆರೆಯೂ ಬಿತ್ತು. ಇನ್ನು ಪಾಯ ತೋಡುವುದಷ್ಟೇ ಬಾಕಿ.

ಭಾನುವಾರ ಅಮ್ಮನನ್ನು ಕರೆದುಕೊಂಡು ತಂಗಿ ಬಂದಳು. ಅವಳು ಇಂಜಿನಿಯರ್, ಅಣ್ಣನ ಮುಂದೆ ಮಾತ್ರ ಇನ್ನೂ ಚಿಕ್ಕವಳು.

"ಅಣ್ಣ, ಅಮ್ಮನ ಕೋಣೆ ಸುರಿದ ಮಣ್ಣಿನ ಮೇಲೆ ಬರ್ತಿದೆಯಲ್ಲ?"

"ಯಂತ್ರ ಓಡಾಡಿ ಗಟ್ಟಿ ಮಾಡಿದೆ ಕಣೆ. ಮೇಸ್ತ್ರಿನೂ ಪರವಾಗಿಲ್ಲ ಅಂದ್ರು."

"ಮೇಲೆ ಗಟ್ಟಿ, ಒಳಗೆ ಪೊಳ್ಳು. ಮಳೆ ನೀರು ಇಳಿದ್ರೆ ಈ ಅರ್ಧ ಕುಸಿಯುತ್ತೆ, ಆ ಅರ್ಧ ನಿಂತಿರುತ್ತೆ. ಮನೆ ಮಧ್ಯೆ ಬಿರುಕು ಬಿಡುತ್ತೆ."

"ನಿಂಗೆ ಮೊಸರಲ್ಲಿ ಕಲ್ಲು ಹುಡುಕೋ ಬುದ್ಧಿ ಯಾವತ್ತು ಹೋಗುತ್ತೋ."

ಅವರ ಜಗಳ ಅಮ್ಮನಿಗೆ ಹೊಸದಲ್ಲ. ಆಕೆ ಕೋಲೂರಿಕೊಂಡು ತನ್ನ ಕೋಣೆ ನೋಡಲು ಹೊರಟಳು. ಅಗೆದ ನೆಲದ ಮೇಲೆ ಕೋಲು ಟಕ್ ಟಕ್ ಎನ್ನುತ್ತಿತ್ತು. ಸುಣ್ಣದ ಗೆರೆ ದಾಟಿದ್ದೇ ತಡ, ಹಿಂದಿನ ದಿನದ ಸಣ್ಣ ಮಳೆಗೆ ನೆನೆದಿದ್ದ ಮಣ್ಣಿನೊಳಕ್ಕೆ ಅದು ಗೇಣುದ್ದ ಇಳಿಯಿತು. ಅಮ್ಮ ವಾಲಿದಳು. ಮಗ ಓಡಿ ಬಂದು ಹಿಡಿದುಕೊಂಡ.

ಅಮ್ಮ ಕೋಲು ಕಿತ್ತು ಕೆಸರು ಕೊಡವಿದಳು. "ನನ್ನ ಕೋಲನ್ನೇ ಹೊರದ ಮಣ್ಣು ನಿನ್ನ ಗೋಡೆ ಹೊರುತ್ತೇನೋ?"

ಮಗ ಬಗ್ಗಿ ಕೋಲು ಇಳಿದ ತೂತಿಗೆ ಬೆರಳು ತೂರಿಸಿ ನೋಡಿದ. ಹಳೇ ಬಟ್ಟೆಗೆ ಒಗೆಯದ ಹೊಸ ಬಟ್ಟೆ ಜೋಡಿಸಿದರೆ ಮೊದಲ ಒಗೆತಕ್ಕೇ ಹೊಲಿಗೆ ಸುಕ್ಕಾಗುತ್ತದೆ ಎಂದು ಗಿರಾಕಿಗಳಿಗೆ ಪಾಠ ಹೇಳುವವನು ಅವನೇ.

"ಹಾಗಾದ್ರೆ ಮನೆ ಎರಡು ಮಟ್ಟ ಮಾಡಿ, ಅಮ್ಮ ಇಲ್ಲೂ ಮೆಟ್ಟಿಲು ಹತ್ತಬೇಕಾ?" ಅವನ ದನಿ ಇಳಿದಿತ್ತು.

"ಯಾಕೆ ಹತ್ತಬೇಕು?" ತಂಗಿ ಹೇಳಿದಳು. "ಅಮ್ಮನ ಕೋಣೆ, ಅಡುಗೆಮನೆ, ಬಚ್ಚಲು ಅಗೆದ ನೆಲದ ಮೇಲೆ ಒಂದೇ ಮಟ್ಟದಲ್ಲಿರಲಿ. ನಿನ್ನ ಹೊಲಿಗೆ ಕೋಣೆ ಈ ಕಡೆ ಚಾಚಿದ್ರೆ, ಸುರಿದ ಮಣ್ಣು ದಾಟಿ ಹಳೇ ಗಟ್ಟಿ ನೆಲ ಸಿಗೋವರೆಗೂ ಪಾಯ ಇಳಿಸೋಣ. ಪಾಯದ ತಳ ಜಾರುಬಂಡೆ ಥರ ಇರಬಾರದು, ಮೆಟ್ಟಿಲು ಮೆಟ್ಟಿಲಾಗಿ ಇಳೀಬೇಕು. ಆ ಮೆಟ್ಟಿಲು ಮಣ್ಣಿನೊಳಗೇ ಇರುತ್ತೆ, ಅಮ್ಮನ ಕಾಲಿಗೆ ಸಿಗಲ್ಲ."

"ಮತ್ತೆ ಹಿಂದೆ ಅಗೆದು ಉಳಿದ ಆ ದಿಬ್ಬ?"

"ನೆಟ್ಟಗೆ ಕಡಿದುಬಿಟ್ಟಿದ್ದಾರೆ, ಅದಕ್ಕೆ ಮೊದಲು ತಡೆಗೋಡೆ ಬೇಕು. ದಿಬ್ಬದೊಳಗಿನ ನೀರು ಹರಿದುಹೋಗೋಕೆ ಗೋಡೆಯಲ್ಲಿ ತೂತು ಬಿಡಿಸು. ಮೇಲಿನ ನೀರು ಪಕ್ಕಕ್ಕೆ ತಿರುಗೋ ಹಾಗೆ ಚರಂಡಿ ತೋಡಿಸು. ಪಾಯದ ಕೆಲಸ ಮಳೆಗಾಲ ಕಳೆದ ಮೇಲೆ."

ಟೈಲರ್ ಅಮ್ಮನ ಮುಖ ನೋಡಿದ. ಆಕೆ ನಕ್ಕಳು. "ಇನ್ನೊಂದು ಮಳೆಗಾಲ ಕಿಟಕಿ ಪಕ್ಕ ಕೂತಿರ್ತೀನಿ ಬಿಡು. ನಂಗೆ ಅಭ್ಯಾಸ ಇದೆ."

ಅವನು ಕಾಲಿನಿಂದಲೇ ಸುಣ್ಣದ ಗೆರೆ ಅಳಿಸಿದ.

ಈಗ ಮನೆ ಎದ್ದಿದೆ. ಅಮ್ಮ ಯಾರ ಕೈಯೂ ಹಿಡಿಯದೆ ಕೋಣೆಯಿಂದ ಅಂಗಳದವರೆಗೆ ನಡೆಯುತ್ತಾಳೆ. ಸುರಿದ ಮಣ್ಣಿನ ಕೆಳ ಅಂಚಿನಲ್ಲಿ ಬಟ್ಟೆ ಒಣಗಿಸಲು ನೆಟ್ಟ ಕಂಬವೊಂದಿತ್ತು. ಮೊದಲ ಜೋರು ಮಳೆಗೇ ಅದು ಕಣಿವೆಯ ಕಡೆ ವಾಲಿತು. ಮಗ ಅದನ್ನು ನೆಟ್ಟಗೆ ಮಾಡಲು ಹೊರಟಾಗ ಅಮ್ಮ ತಡೆದಳು.

"ಇರಲಿ ಬಿಡು. ನಾನು ಮಲಗಬೇಕಾಗಿದ್ದ ಜಾಗ ಅದು. ಬಂದವರೆಲ್ಲ ನೋಡಲಿ."

ಗುಡ್ಡದ ಮೇಲೆ ಮನೆ ಕಟ್ಟಲು ಹೊರಟವರೇ, ನಿಮ್ಮ ಪಾಯ ನಿಲ್ಲುವುದು ಹಳೇ ಗಟ್ಟಿ ನೆಲದ ಮೇಲೋ, ನಿನ್ನೆ ಸುರಿದ ಮಣ್ಣಿನ ಮೇಲೋ? ತೋಡುವ ಮೊದಲೇ ಬಲ್ಲವರನ್ನು ಕರೆಸಿ ಕೇಳಿ. ಗೋಡೆ ಎದ್ದ ಮೇಲೆ ಪಾಯ ಯಾರ ಕಣ್ಣಿಗೂ ಕಾಣುವುದಿಲ್ಲ. ಆದರೆ ನಿಮ್ಮ ಮನೆಯವರು ಮಲಗುವುದು ಅದರ ಮೇಲೆಯೇ.