ಗೋಡೆ ಕಡೆ ಮುಖ

ಅಳಿಯನಿಗೆ ಅಳಿದದ್ದರ ಮೇಲೆಯೇ ಆಸೆ ಎಂಬುದನ್ನು ಅತ್ತೆ, ಮಗಳ ಮದುವೆಯಾದ ವರ್ಷವೇ, ಕಂಡುಕೊಂಡಿದ್ದಳು. ಲೋಕದ ಮಿಕ್ಕ ಅಳಿಯಂದಿರು ಭಾನುವಾರ ಬಂದರೆ ಮುಸುಕೆಳೆದು ಮಲಗುತ್ತಾರೆ, ಇಲ್ಲವೇ ಸ್ಕೂಟರ್ ತೊಳೆಯುತ್ತಾರೆ. ಈತ ಕಾಲೇಜಿನಲ್ಲಿ ಚರಿತ್ರೆಯ ಮೇಷ್ಟ್ರು. ವಾರವೆಲ್ಲ ಸತ್ತ ರಾಜರನ್ನು ಎಬ್ಬಿಸಿದ್ದು ಸಾಲದೆಂದು, ಭಾನುವಾರ ಒಂದು ವ್ಯಾನಿನ ತುಂಬ ಆಸಕ್ತರನ್ನು ಹತ್ತಿಸಿಕೊಂಡು ಬಾಗಿಲು ಮುಚ್ಚಿದ ಹಳೇ ಆಸ್ಪತ್ರೆಗಳನ್ನು ತೋರಿಸಲು ಹೊರಡುತ್ತಿದ್ದ. ಸಿಡುಬಿನ ಆಸ್ಪತ್ರೆ, ಕುಷ್ಠದ ಆಸ್ಪತ್ರೆ, ಯುದ್ಧದ ಕಾಲದ ಆಸ್ಪತ್ರೆ, ಎಲ್ಲವೂ ಆಗಿದ್ದವು.

"ಗಟ್ಟಿಮುಟ್ಟಾಗಿರೋ ಜನ ದುಡ್ಡು ಕೊಟ್ಟು ಆಸ್ಪತ್ರೆಗೆ ಹೋಗೋದನ್ನ ನಾನು ಇಲ್ಲೇ ನೋಡಿದ್ದು," ಎನ್ನುತ್ತಿದ್ದಳು ಅತ್ತೆ. "ಅದೂ ಡಾಕ್ಟ್ರೇ ಇಲ್ಲದ ಆಸ್ಪತ್ರೆಗೆ. ಒಂದು ಲೆಕ್ಕಕ್ಕೆ ಅದೇ ಕ್ಷೇಮ ಬಿಡಿ."

ಅತ್ತೆ ಕೆಲಸದಲ್ಲಿದ್ದಷ್ಟು ಕಾಲ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಮುಖ ಕಾಣದ ಸಾವಿರಾರು ಜನರ ದನಿಗಳು ಬಾಡಿಗೆ ಕೊಡದೆ ಕಿವಿಯಲ್ಲಿ ವಾಸವಾಗಿದ್ದವು. ಬೇಕೆಂದಾಗ ಒಬ್ಬೊಬ್ಬರನ್ನೇ ಹೊರಗೆ ಕರೆದು ಮಾತಾಡಿಸುತ್ತಿದ್ದಳು: ಕಬ್ಬಿಣದ ವ್ಯಾಪಾರಿಯ ಗೊಗ್ಗರು ಗಂಟಲು, ಆಫೀಸಿನಲ್ಲಿ ಹುಲಿಯಾಗಿ ಹೆಂಡತಿಯ ಫೋನಿಗೆ ಬೆಕ್ಕಾಗುವ ದೊಡ್ಡ ಸಾಹೇಬರು, ರಾಂಗ್ ನಂಬರಿಗೂ ಅರ್ಧ ಗಂಟೆ ಕಷ್ಟಸುಖ ಹೇಳಿಕೊಳ್ಳುವ ಒಂದು ಮುದುಕಿ. ಅಳಿಯನನ್ನಂತೂ ಅವನ ಎದುರಿಗೇ ಮಾಡಿ ತೋರಿಸುತ್ತಿದ್ದಳು. ಕನ್ನಡಕ ಮೂಗಿನ ತುದಿಗಿಳಿಸಿ, ಎರಡು ಬೆರಳೆತ್ತಿ, "ಇಲ್ಲಿ ನಾವು ಗಮನಿಸಬೇಕಾದ ಅಂಶವೇನೆಂದರೆ..." ಎಂದು ಶುರು ಮಾಡಿದರೆ ಮಗಳು ಹೊಟ್ಟೆ ಹಿಡಿದುಕೊಂಡು ಒಳಗೆ ಓಡುತ್ತಿದ್ದಳು. ಅಳಿಯ ತಟ್ಟೆ ನೋಡಿಕೊಂಡು ಊಟ ಮುಗಿಸುತ್ತಿದ್ದ.

ಇಂಥ ಅತ್ತೆ ಒಂದು ಶನಿವಾರ ತಣ್ಣಗೆ ಕೇಳಿದಳು: "ನಾಳೆ ಯಾವ ಆಸ್ಪತ್ರೆ?"

"ಗುಡ್ಡದ ಮೇಲಿನ ಸ್ಯಾನಟೋರಿಯಂ ಅತ್ತೆ, ಕ್ಷಯರೋಗದ್ದು. ಮುಂದಿನ ತಿಂಗಳು ಕೆಡವ್ತಾರಂತೆ. ಅಲ್ಲಿ ಹೋಟೆಲ್ ಬರುತ್ತೆ."

"ನಾನೂ ಬರ್ತೀನಿ."

ಅಳಿಯನ ತುತ್ತು ಕೈಯಲ್ಲೇ ಉಳಿಯಿತು. ಇಷ್ಟು ದಿನ ಮನೆಯೊಳಗೆ ನಡೆಯುತ್ತಿದ್ದ ಅಣಕ ಇನ್ನು ಸಾರ್ವಜನಿಕವಾಗುತ್ತದೆ ಎಂದು ಅವನಿಗೆ ದಿಗಿಲಾಯಿತು. "ಅಲ್ಲಿ ಮೆಟ್ಟಿಲು ಜಾಸ್ತಿ ಅತ್ತೆ. ಮೊಣಕಾಲು..."

"ಅದೂ ಬರುತ್ತೆ. ಬಿಟ್ಟು ಬರೋಕಾಗುತ್ತಾ?"

ಅವಳ ಅಮ್ಮ ಕೊನೆಯ ದಿನಗಳನ್ನು ಕಳೆದದ್ದು ಆ ಗುಡ್ಡದ ಮೇಲೆ ಎಂಬುದು ಅಳಿಯನಿಗೆ ಹೋಗಲಿ, ಮಗಳಿಗೂ ಗೊತ್ತಿರಲಿಲ್ಲ. ಆ ರೋಗದ ಹೆಸರನ್ನು ಅವರ ಮನೆಯಲ್ಲಿ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅಕ್ಕಪಕ್ಕದವರಿಗೆ "ಹವಾ ಬದಲಾವಣೆಗೆ ಹೋಗಿದ್ದಾಳೆ" ಎಂದು ಅಪ್ಪ ಹೇಳುತ್ತಿದ್ದರು. ಶಾಲೆಯ ಹುಡುಗರು ಮಾತ್ರ ಅದನ್ನು ಸಾಯೋಟೋರಿಯಂ ಎನ್ನುತ್ತಿದ್ದರು. ಮುಂದೆ ಮಗಳು ಕೇಳಿದಾಗ ಅತ್ತೆ "ನಿಮ್ಮಜ್ಜಿ ಜ್ವರದಲ್ಲಿ ಹೋದ್ಳು" ಎಂದು ಒಂದೇ ಸಾಲಿನಲ್ಲಿ ಲೈನ್ ಕಟ್ ಮಾಡಿದ್ದಳು.

ಆಗ ಅವಳಿಗೆ ಆರೋ ಏಳೋ ವರ್ಷ. ತಿಂಗಳಿಗೊಮ್ಮೆ ಅಪ್ಪ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದರು. ಮಕ್ಕಳಿಗೆ ಒಳಗೆ ಪ್ರವೇಶವಿರಲಿಲ್ಲ, ಅವಳೊಬ್ಬಳನ್ನೇ ಹೊರಗೆ ಬಿಟ್ಟು ಅಪ್ಪನೂ ಹೋಗುವಂತಿರಲಿಲ್ಲ. ಗೇಟಿನ ಪಕ್ಕದ ಮೋಟು ಗೋಡೆಯ ಮೇಲೆ ಅವಳನ್ನು ನಿಲ್ಲಿಸಿ ಅಪ್ಪ ಹಿಂದಿನಿಂದ ಹಿಡಿದುಕೊಳ್ಳುತ್ತಿದ್ದರು. ಎದುರಿಗೆ ಹುಲ್ಲು, ಅದರಾಚೆ ಉದ್ದನೆಯ ತೆರೆದ ಜಗಲಿ, ಜಗಲಿಯ ಗೋಡೆಗುಂಟ ಸಾಲು ಮಂಚಗಳು. ಮೂಲೆಯ ಮಂಚ ಅಮ್ಮನದು. ಬೇರೆ ಮಂಚಗಳಲ್ಲಿ ಇತ್ತ ಮುಖ ಮಾಡಿ ಮಲಗಿದ್ದವರು ಕೈ ಎತ್ತುತ್ತಿದ್ದರು, ನಗುತ್ತಿದ್ದರು. ಅಮ್ಮನದು ಮಾತ್ರ ಬೆನ್ನು. ಕೆಂಪು ಕಂಬಳಿ, ಅದರ ಮೇಲೊಂದು ಜಡೆ, ಅಷ್ಟೇ. ಅವಳು ಕೂಗಿದಳು. ಕಾಗೆಯಾದಳು, ಕತ್ತೆಯಾದಳು, ಹೆಡ್‌ಮೇಷ್ಟ್ರಾದಳು, ಕುಂಟುತ್ತ ಸೋದರಮಾವನಾದಳು. ಅವಳ ಮಿಮಿಕ್ರಿಯ ಮೊದಲ ಪ್ರದರ್ಶನ ನಡೆದದ್ದೇ ಒಂದು ಬೆನ್ನಿನ ಎದುರು. ಬೆನ್ನು ಒಮ್ಮೆಯೂ ತಿರುಗಲಿಲ್ಲ. ಒಂದು ತಿಂಗಳು ಹೋದಾಗ ಆ ಮಂಚದಲ್ಲಿ ಬೇರೆ ಯಾರೋ ಇದ್ದರು.

ಅಮ್ಮ ಎಂದರೆ ಅವಳಿಗೆ ಇಂದಿಗೂ ಆ ಬೆನ್ನೇ. ಊರೂರಿಗೆ ಲೈನ್ ಕೊಟ್ಟವಳಿಗೆ ಈ ಒಂದು ಕಾಲ್ ಮಾತ್ರ ಸಿಕ್ಕಿರಲಿಲ್ಲ: ನಾನು ಬೇಡವಾಗಿದ್ದೆನೇ? ಕಟ್ಟಡವನ್ನೇ ಕೆಡವಿಬಿಟ್ಟರೆ ಇನ್ನು ಕೇಳುವುದಾದರೂ ಯಾರನ್ನು?

ವ್ಯಾನಿನಲ್ಲಿ ಅತ್ತೆ ಮಾತಾಡಲಿಲ್ಲ. ಅಳಿಯನಿಗೆ ಇದು ಇನ್ನೂ ಹೆದರಿಕೆ ತಂದಿತು. ಬಾಯಿ ಮುಚ್ಚಿದ ಅತ್ತೆ ಎಂದರೆ ಮುಚ್ಚಳ ಹಾಕಿದ ಕುಕ್ಕರ್ ಎಂಬುದು ಅವನ ಅನುಭವ.

ಮೇಲೆ ಎಲ್ಲವೂ ಇತ್ತು, ಸುಮ್ಮನೆ ಕುಗ್ಗಿತ್ತು. ಆಗ ಅಷ್ಟು ಎತ್ತರವೆನಿಸಿದ್ದ ಗೋಡೆ ಈಗ ಸೊಂಟಕ್ಕೆ ಬಂತು. ಹುಲ್ಲಿದ್ದಲ್ಲಿ ಮುಳ್ಳು ಪೊದೆ. ಜಗಲಿಯ ಹೆಂಚು ಅಲ್ಲಲ್ಲಿ ಜಾರಿ ಬಿಸಿಲು ಚೌಕ ಚೌಕವಾಗಿ ಬಿದ್ದಿತ್ತು. ತುಕ್ಕು ಹಿಡಿದ ಮಂಚಗಳು ಮಾತ್ರ ಶಿಸ್ತು ಬಿಡದೆ ಸಾಲಾಗಿ ನಿಂತಿದ್ದವು.

ಅಳಿಯ ಗಂಟಲು ಸರಿಮಾಡಿಕೊಂಡ. ಅತ್ತೆಯ ಕಡೆ ಒಮ್ಮೆ ಕಳ್ಳನೋಟ ಬೀರಿ, 'ಗಮನಿಸಬೇಕಾದ ಅಂಶ'ವನ್ನು ನುಂಗಿಕೊಂಡು ಬೇರೆ ಕಡೆಯಿಂದ ಶುರು ಮಾಡಿದ.

"ಈ ರೋಗಕ್ಕೆ ಆಗ ಔಷಧಿ ಇರಲಿಲ್ಲ. ಗಾಳಿ, ಬಿಸಿಲು, ವಿಶ್ರಾಂತಿ, ಇಷ್ಟೇ ಚಿಕಿತ್ಸೆ. ವಿಶ್ರಾಂತಿ ಅಂದ್ರೆ ನಮ್ಮ ಹಾಗೆ ಬಿದ್ಕೊಳ್ಳೋದಲ್ಲ. ಯಾವ ಕಡೆ ಶ್ವಾಸಕೋಶ ಕೆಟ್ಟಿದೆಯೋ ಆ ಮಗ್ಗುಲಿಗೇ ಮಲಗಬೇಕು, ಅದು ಆಡದೆ ಸುಮ್ಮನಿರ್ಲಿ ಅಂತ. ಎಡ ಕೆಟ್ಟಿದ್ರೆ ಎಡಕ್ಕೆ, ಬಲ ಕೆಟ್ಟಿದ್ರೆ ಬಲಕ್ಕೆ. ಹಾಗಾಗಿ ಈ ಸಾಲಲ್ಲಿ ಕೆಲವರಿಗೆ ಗೇಟು ಕಾಣೋದು, ಕೆಲವರಿಗೆ ದಿನವೆಲ್ಲ ಗೋಡೆ."

"ಮಗ್ಗುಲು ಬದಲಾಯಿಸಿದ್ರೆ?" ಎಂದಿತು ಒಂದು ದನಿ. ಅತ್ತೆಯದು. ಅದು ಯಾರ ಅಣಕವೂ ಆಗಿರಲಿಲ್ಲ. ಅಳಿಯ ಅವಳ ಸ್ವಂತ ದನಿಯನ್ನು ಮೊದಲ ಸಲ ಕೇಳಿದವನಂತೆ ತಿರುಗಿದ.

"ಬದಲಾಯಿಸೋ ಹಾಗಿರಲಿಲ್ಲ ಅತ್ತೆ. ತಿರುಗಿದ್ರೆ ಒಳಗಿನ ಗಾಯ ಬಿಚ್ಚಿ ರಕ್ತ ಬರುತ್ತೆ ಅಂತ ಹೆದರಿಸಿರೋರು. ಕೆಲವರಿಗೆ ಬೆನ್ನ ಹಿಂದೆ ಮರಳಿನ ಚೀಲ ಇಡ್ತಿದ್ರು. ಮಾತೂ ಆಡಬಾರದು. ನಗೋದಂತೂ ಕೂಡದು."

"ಯಾರಾದ್ರೂ ನೋಡೋಕೆ ಬಂದಿದ್ರೆ?"

"ಆಗಲೂ."

ಅತ್ತೆಯ ಎದೆಯಲ್ಲಿ ಎಷ್ಟೋ ಕಾಲದ ಗಂಟೊಂದು ಅರ್ಧ ಸಡಿಲವಾಯಿತು. ಅರ್ಧ ಮಾತ್ರ. ತಿರುಗಬಾರದಿತ್ತು, ಸರಿ. ಆದರೆ ಅಷ್ಟೆಲ್ಲ ಕಾಗೆ ಕತ್ತೆಗಳು ಯಾರಿಗಾಗಿ ಕೂಗಿದವು ಎಂದು ಆ ಹೆಂಗಸಿಗೆ ಗೊತ್ತಾಗಿತ್ತೇ? ಯಾರ ಮಗುವೋ ಅರಚುತ್ತಿದೆ ಎಂದು ಕಣ್ಣು ಮುಚ್ಚಿಕೊಂಡಿದ್ದರೆ?

ಗುಂಪಿನಲ್ಲಿದ್ದ ಔಷಧಿ ಅಂಗಡಿಯವರು ಗೋಡೆಗೆ ಬಗ್ಗಿ, "ಇದೇನು ಸಾರ್?" ಎಂದರು. ಪ್ರತಿ ಮಂಚದ ಪಕ್ಕಕ್ಕೂ ಗೋಡೆಯಿಂದ ಒಂದು ಕಬ್ಬಿಣದ ತೋಳು ಹೊರಟು, ಅದರ ತುದಿಯಲ್ಲಿ ತಟ್ಟೆಯಷ್ಟಗಲದ ಬಿಲ್ಲೆಯೊಂದಿತ್ತು. ಸುಣ್ಣ ಬಳಿದ ಪುಣ್ಯಾತ್ಮರು ಗೋಡೆ ಯಾವುದು ಬಿಲ್ಲೆ ಯಾವುದು ಎಂದು ಭೇದ ಮಾಡದೆ ಪದರದ ಮೇಲೆ ಪದರ ಬಳಿದಿದ್ದರು.

"ಮಂಚದ ನಂಬರ್ ಪ್ಲೇಟು," ಎಂದ ಅಳಿಯ, ಸಂದೇಹಕ್ಕೆ ಎಡೆಯಿಲ್ಲದಂತೆ.

"ಇಷ್ಟು ಕೆಳಗಾ? ನಿಂತವರಿಗೆ ಕಾಣಲ್ವಲ್ಲ ಸಾರ್."

"ಆಗಿನ ಪದ್ಧತಿ," ಎಂದು ಅಳಿಯ ಗುಂಪನ್ನು ಎಕ್ಸ್‌ರೇ ಕೋಣೆಯ ಕಡೆ ನಡೆಸಿದ. ಉತ್ತರ ಗೊತ್ತಿಲ್ಲದಾಗ ಎಲ್ಲವೂ ಆಗಿನ ಪದ್ಧತಿ.

ಅತ್ತೆ ಹೋಗಲಿಲ್ಲ. ಮೂಲೆಯ ಮಂಚದ ಬಳಿ ನಿಂತಳು. ಅಮ್ಮನ ನಂಬರ್ ಎಷ್ಟಿರಬಹುದು ಎಂಬ ಯೋಚನೆ ಬಂತು. ನಂಬರ್ ಇಲ್ಲದೆ ಅವಳು ಯಾರನ್ನು ತಾನೇ ಹುಡುಕಿದ್ದಳು? ಬ್ಯಾಗಿನಿಂದ ಮನೆಯ ಬೀಗದ ಕೈ ತೆಗೆದು, ಬಗ್ಗಲು ಮೊಣಕಾಲು ಒಪ್ಪದೆ, ಅಳಿಯ ಅಲ್ಲೇ ಬಿಟ್ಟುಹೋಗಿದ್ದ ಗುಂಪಿನ ಬಟ್ಟೆಯ ಬ್ಯಾನರನ್ನು ಮಂಚದ ಮೇಲೆ ಹಾಸಿ, ಮೆಲ್ಲಗೆ ಗೋಡೆ ಕಡೆ ಮುಖ ಮಾಡಿ ಮಲಗಿದಳು. ಮಂಚ ನರಳಿತು, ಮುರಿಯಲಿಲ್ಲ. ಬಿಲ್ಲೆ ಸರಿಯಾಗಿ ಕಣ್ಣೆದುರಿಗೆ ಬಂತು. ತುಸು ಓರೆಯಾಗಿತ್ತು.

ಕೆರೆದಳು. ಸುಣ್ಣ ಹಕ್ಕಳೆ ಹಕ್ಕಳೆಯಾಗಿ ಎದ್ದಿತು. ನಂಬರ್ ಬರಲಿಲ್ಲ. ಅಲ್ಲಿ ಒಂದು ಮೂಗು ಕಂಡಿತು. ಯಾರ ಮೂಗಪ್ಪಾ ಎಂದು ನೋಡಿದರೆ ತನ್ನದೇ.

ಸೆರಗಿನಿಂದ ಒರೆಸಿದಳು. ಗಾಜಿನ ಹಿಂದಿನ ಲೇಪ ಅಲ್ಲಲ್ಲಿ ಕಪ್ಪಗಾಗಿತ್ತು, ಆದರೂ ಅಂಗೈಯಗಲ ಚೊಕ್ಕವಾಗಿತ್ತು. ಬೆರಳಿನಿಂದ ಒತ್ತಿದಾಗ ಕಬ್ಬಿಣದ ತೋಳು ಕಿರ್ ಎಂದು ಇಷ್ಟೇ ಇಷ್ಟು ತಿರುಗಿತು. ಮೂಗು ಪಕ್ಕಕ್ಕೆ ಸರಿದು ಅಲ್ಲಿ ಪೊದೆ ಬಂತು. ಪೊದೆಯ ಹಿಂದೆ ಗೇಟು. ಗೇಟಿನ ಪಕ್ಕದ ಮೋಟು ಗೋಡೆಯ ಮೇಲೆ ಡ್ರೈವರ್ ಕಾಲು ಇಳಿಬಿಟ್ಟು ಕೂತು ಟೀ ಕುಡಿಯುತ್ತಿದ್ದ. ಲೋಟ ಊದುವುದೂ ಕಾಣುತ್ತಿತ್ತು.

ಅತ್ತೆ ಬೆರಳು ತೆಗೆಯದೆ ನೋಡಿದಳು. ತಿರುಗಲಾರದವರಿಗೆ ಬಂದವರು ಕಾಣಲಿ ಎಂದೇ ಯಾರೋ ಪುಣ್ಯಾತ್ಮರು ಗೋಡೆಗೆ ಕನ್ನಡಿ ಕೊಟ್ಟಿದ್ದರು.

ಅಳಿಯ ಹುಡುಕಿಕೊಂಡು ಬಂದವನು ಕಂಬಕ್ಕೆ ಕೈಕೊಟ್ಟು ನಿಂತ. "ಅತ್ತೆ, ಏಳಿ, ತುಕ್ಕು ತಗುಲಿದ್ರೆ ಇಂಜೆಕ್ಷನ್ ಆಗ್ಬೇಕು. ಆಸ್ಪತ್ರೆಗೆ..."

"ಆಸ್ಪತ್ರೆಲೇ ಇದೀನಲ್ಲ." ಅತ್ತೆ ತಿರುಗಲಿಲ್ಲ. "ಅಳಿಯಂದ್ರೇ, ಇದು ನಮ್ಮಮ್ಮ ಮಲಗಿದ್ದ ಮಂಚ. ನಾನು ಅಲ್ಲಿ ಗೋಡೆ ಮೇಲೆ ನಿಂತಿರ್ತಿದ್ದೆ, ಅಮ್ಮನ ಬೆನ್ನು ನೋಡ್ಕೊಂಡು. ನಿಮ್ಮ ನಂಬರ್ ಪ್ಲೇಟು ಕನ್ನಡಿ ಕಣ್ರೀ. ಡ್ರೈವರ್ ಟೀ ಚೆಲ್ಕೊಂಡ ನೋಡಿ ಈಗ, ಷರ್ಟ್ ಮೇಲೆ."

ಅಳಿಯ ಗೇಟಿನ ಕಡೆ ನೋಡಿದ. ಡ್ರೈವರ್ ಷರ್ಟು ಒರೆಸಿಕೊಳ್ಳುತ್ತಿದ್ದ. ಅಳಿಯ ಬಗ್ಗಿ ಕನ್ನಡಿ ನೋಡಿದ, ಮಂಚ ನೋಡಿದ, ಅತ್ತೆಯ ಬೆನ್ನು ನೋಡಿದ.

"ಒಂದು ಉಪಕಾರ ಮಾಡ್ತೀರಾ? ಹೋಗಿ ಆ ಗೋಡೆ ಮೇಲೆ ನಿಂತು ಏನಾದ್ರೂ ಮಾಡಿ."

"ಏನ್ ಮಾಡ್ಲಿ?"

"ನಾನು ಯಾರ್ಯಾರದೋ ಥರ ಮಾಡ್ತಿದ್ದೆ. ನಿಮಗೆ ಯಾರು ಬರ್ತಾರೋ ಅವರನ್ನ ಮಾಡಿ. ಅಷ್ಟು ದೂರದಿಂದ ನಿಜವಾಗ್ಲೂ ಗೊತ್ತಾಗುತ್ತಾ ನೋಡ್ಬೇಕು."

ಅಳಿಯ ಹೋದ. ಡ್ರೈವರನ್ನು ಇಳಿಸಿ ತಾನು ಹತ್ತಿದ. ಗುಂಪಿನವರೆಲ್ಲ ಹೊರಬಂದು, ಮೇಷ್ಟ್ರಿಗೇನಾಯಿತು ಎಂದು ನಿಂತರು. ಅಳಿಯ ಕೊಂಚ ಹೊತ್ತು ಕೈ ಹಿಸುಕಿಕೊಂಡ. ಆಮೇಲೆ ಕರವಸ್ತ್ರವನ್ನು ಸೆರಗಿನಂತೆ ಸೊಂಟಕ್ಕೆ ಸಿಕ್ಕಿಸಿದ. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈ ಕಿವಿಗೆ ಫೋನಿನಂತೆ. ಕತ್ತು ಓರೆ, ತುಟಿ ಸೊಟ್ಟ, ಎಡ ಮೊಣಕಾಲು ತುಸು ಮಡಿಚಿ. ಇಷ್ಟು ವರ್ಷ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದವನು ಓರೆಗಣ್ಣಿನಲ್ಲಿ ಎಲ್ಲವನ್ನೂ ನೋಡಿಟ್ಟುಕೊಂಡಿದ್ದ.

"ಹಲೋ," ಎಂದು ಗಾಳಿಯನ್ನು ಸೀಳಿಕೊಂಡು ಬಂತು ಅತ್ತೆಯ ದನಿ, ಅಳಿಯನ ಗಂಟಲಿನಿಂದ. "ನಂಬರ್ ಹೇಳ್ತೀರಾ, ಇಲ್ಲಾ ನಿಮ್ಮ ಸುಂದರ ಮುಖ ನೋಡ್ಕೊಂಡು ಕೂತಿರ್ಲಾ? ಅಳಿಯಂದ್ರಾ? ಮನೇಲಿಲ್ಲ. ಪಾಳು ಬಿದ್ದಿರೋ ಕಡೆ ಹುಡುಕಿ, ಸಿಗ್ತಾರೆ."

ಕನ್ನಡಿಯಲ್ಲಿ ಎಲ್ಲ ಕಂಡಿತು: ಸೊಟ್ಟ ತುಟಿ, ಮಡಿಚಿದ ಕಾಲು, ಹಾರಾಡುವ ಕರವಸ್ತ್ರ. ಅತ್ತೆಗೆ ನಗು ಉಕ್ಕಿತು. ಹಳೇ ಮಂಚ ಮುರಿದೀತೆಂದು ಸೆರಗನ್ನು ಬಾಯಿಗೆ ತುರುಕಿಕೊಂಡರೂ ನಿಲ್ಲಲಿಲ್ಲ. ಕಣ್ಣಲ್ಲಿ ನೀರು ಬಂತು, ಮೈಯೆಲ್ಲ ಅಲುಗಿತು.

ಡ್ರೈವರ್ ನೀರಿನ ಬಾಟಲಿ ಹಿಡಿದು ಪೊದೆ ಹಾರಿ ಓಡಿಬಂದ. "ಸಾರ್, ಸಾಕು ನಿಲ್ಸಿ. ಅಮ್ಮನೋರು ಅಳ್ತಿದಾರೆ. ಬೆನ್ನು ನೋಡಿ ಹೆಂಗೆ ಅಲ್ಲಾಡ್ತಿದೆ."

ಅತ್ತೆಯ ನಗು ನಿಂತಿತು.

ಆ ಬೆನ್ನೂ ಅಲುಗುತ್ತಿತ್ತು. ಸೋದರಮಾವನ ಕುಂಟು ನಡಿಗೆ ಮಾಡಿದಾಗ ಕೆಂಪು ಕಂಬಳಿ ಹೀಗೇ ಕುಲುಕುತ್ತಿತ್ತು. ಅಪ್ಪ "ಅಮ್ಮನಿಗೆ ಕೆಮ್ಮು ಬಂತು, ನಡಿ ಹೋಗೋಣ" ಎಂದು ಗೋಡೆಯಿಂದ ಇಳಿಸಿಬಿಡುತ್ತಿದ್ದರು. ಪಾಪ, ಅಪ್ಪನಿಗೂ ಕಂಡದ್ದು ಬೆನ್ನು ಮಾತ್ರ. ಸೋದರಮಾವ ಅಮ್ಮನ ಸ್ವಂತ ಅಣ್ಣ. ಆ ನಡಿಗೆ ಅವಳಿಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು?

ಅತ್ತೆ ಎದ್ದು ಕೂತು ಡ್ರೈವರ್ ತಂದ ನೀರು ಗಟಗಟನೆ ಕುಡಿದಳು. "ಅಳ್ತಿರಲಿಲ್ಲಪ್ಪ. ನಗ್ತಿದ್ದೆ. ಹಿಂದಿನಿಂದ ಎರಡೂ ಒಂದೇ ಥರ ಕಾಣುತ್ತೆ ಅಂತ ನನಗೂ ಈಗಲೇ ಗೊತ್ತಾಗಿದ್ದು."

ಅಳಿಯ ಏದುಸಿರು ಬಿಡುತ್ತ ಬಂದ. ಅತ್ತೆ ಎಲ್ಲವನ್ನೂ ಅವನಿಗೆ ಹೇಳಿದಳು, ಕಾಗೆಯಿಂದ ಸೋದರಮಾವನವರೆಗೆ. ಅವನು ಕೇಳಿಸಿಕೊಂಡು, ವೃತ್ತಿಧರ್ಮ ತಡೆಯಲಾರದೆ ಮೆಲ್ಲಗೆ ಅಂದ: "ಅತ್ತೆ, ನಗ್ತಿದ್ರೋ, ನಿಜವಾಗ್ಲೂ ಕೆಮ್ಮೇ ಬಂದಿತ್ತೋ, ಖಚಿತವಾಗಿ ಹೇಳೋಕೆ ಆಗಲ್ಲ."

"ಎರಡೂ ಇದ್ದಿರುತ್ತೆ ಬಿಡಿ. ನೋಡಿದ್ಳು. ನನಗೆ ಅಷ್ಟು ಸಾಕು."

"ಸ್ಕ್ರೂಡ್ರೈವರ್ ಇದೆ ವ್ಯಾನಲ್ಲಿ. ಹೇಗಿದ್ರೂ ಕೆಡವ್ತಾರೆ. ಬಿಚ್ಚಿಕೊಡ್ಲಾ, ಮನೇಗೆ?"

"ಮನೇಲಿ ಕನ್ನಡಿ ಇಲ್ವಾ? ನಡೀರಿ, ಹಸಿವಾಗ್ತಿದೆ."

ನಿಜಕ್ಕೂ ಹಸಿವಾಗಿತ್ತು. ಮೈ ಹಗುರಾಗಿತ್ತು, ಜ್ವರ ಬಿಟ್ಟ ಮಾರನೆಯ ದಿನದ ಹಾಗೆ. ಗುಡ್ಡ ಇಳಿಯುವಾಗ ಮಗಳ ಫೋನ್ ಬಂತು. ಆ ಕಡೆಯ ದನಿಯಲ್ಲಿ ಆತಂಕವಿತ್ತು: "ಅಮ್ಮ, ಅವರನ್ನ ಎಲ್ಲರೆದುರು ಗೋಳುಹೊಯ್ಕೊಂಡ್ಯಾ?"

"ಇಲ್ಲ ಕಣೇ. ಅವರೇ ನನ್ನ ಮಾಡಿ ತೋರಿಸಿದ್ರು. ಚೆನ್ನಾಗೇ ಬರುತ್ತೆ, ಗಂಟಲು ಸ್ವಲ್ಪ ಪಳಗಬೇಕು. ಅದಿರ್ಲಿ, ನಿಮ್ಮಜ್ಜಿ ವಿಷಯ ಒಂದು ಹೇಳ್ಬೇಕಿತ್ತು."

"ಯಾವ ಅಜ್ಜಿ?"

"ನಮ್ಮಮ್ಮ. ಜ್ವರದಲ್ಲಿ ಹೋದ್ಳು ಅಂದಿದ್ನಲ್ಲ, ಜ್ವರ ಅಲ್ಲ, ಕ್ಷಯ. ಇಲ್ಲೇ ಗುಡ್ಡದ ಮೇಲಿದ್ಳು." ಆ ಪದವನ್ನು ಅವಳು ಜೀವಮಾನದಲ್ಲಿ ಮೊದಲ ಸಲ ಜನರ ನಡುವೆ ಗಟ್ಟಿಯಾಗಿ ಹೇಳಿದ್ದಳು. ವ್ಯಾನಿನಲ್ಲಿ ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ. ಔಷಧಿ ಅಂಗಡಿಯವರು ಕಿಟಕಿಗೆ ತಲೆ ಆನಿಸಿ ಗೊರಕೆ ಹೊಡೆಯುತ್ತಿದ್ದರು. "ಇಲ್ಲ, ಅಳ್ತಿಲ್ಲ, ದನಿ ಸರಿಯಾಗೇ ಇದೆ. ಈಗ ಏನು ಮಾಡ್ತಿದ್ದೀಯ? ಒಲೆ ಆರಿಸಿ ಬಂದು ಕೂತ್ಕೋ, ಹೇಳ್ತೀನಿ."