ಮೋತ್ಯಾನ ನಮಸ್ಕಾರ

ತಮ್ಮ ನಾಯಿಗೆ ಭಕ್ತಿ ಹುಟ್ಟೇತಿ ಅಂತ ಸುಂದರಾಬಾಯಿ ಖಾನಾಪುರದ ಓಣಿ ತುಂಬ ಸಾರಿಬಿಟ್ಟರು ನೋಡ್ರಿ. ಮೋತ್ಯಾ ದೇವರ ಖೋಲಿ ಮುಂದ ಮುಂಗಾಲು ಚಾಚಿ, ಎದಿ ನೆಲಕ್ಕ ಹಚ್ಚಿ, ಹಿಂಭಾಗ ಮ್ಯಾಲೆತ್ತಿ ಹಂಗ ನಿಲ್ಲತಿತ್ತು. ಜೈನರ ಮನಿ ಉಪ್ಪು ತಿಂದದ್ದು ಸುಮ್ಮನ ಹೋಕ್ಕೈತೇನು ಅಂತ ಅವರ ವಾದ. ಬಾಜೂ ಮನಿ ಮಾಯಕ್ಕ ಬಂದು ನೋಡಿ, ನಾಯಿಗೇ ಕೈ ಮುಗದು ಹೋದಳು. ಅಷ್ಟಾದ ಮ್ಯಾಲೆ ಭಕ್ತಗ ಬರೇ ರೊಟ್ಟಿ ಹಾಕಾಕ ಮನಸ್ಸು ಬರತೈತೇನು? ದಿನಾ ರೊಟ್ಟಿಗೆ ತುಪ್ಪ ಸವರತಿದ್ದವರು ಅವತ್ತು ಹೋಳಿಗಿ ಮುರದು ಮ್ಯಾಲೆ ತುಪ್ಪ ಸುರದರು.

ಮುಂಜಾನೆ ನೋಡಿದರ ಮೋತ್ಯಾ ವಾಂತಿ ಮಾಡಿಕೊಂಡು ಮೂಲಿ ಹಿಡದಿತ್ತು. ನೀರು ಸುದ್ದಾ ಮೂಸಲಿಲ್ಲ. ಸುಂದರಾಬಾಯಿ ಅದನ್ನ ಎತ್ತಿಕೊಂಡು ಹೊರಗ ಓಡಿದರು. ಮಗ ಶ್ರೇಣಿಕ ಕಾರು ತಗದ. ಬೆಳಗಾವಿ ಹತ್ರದ ಪೀರನವಾಡಿ ದಾಟೂತನಕ ಅವರ ಬಾಯಾಗ ಣಮೋಕಾರ ಮಂತ್ರ ನಿಲ್ಲಲಿಲ್ಲ.

ಬೆಳಗಾವಿ ದವಾಖಾನ್ಯಾಗ ಡಾಕ್ಟರ ನಿಖಿತಾ ಹೊಟ್ಟಿ ಮುಟ್ಟಿದ ಕೂಡಲೇ ಮೋತ್ಯಾ ಮುಲುಗಿತು. ರಕ್ತದ ತಪಾಸಣಿ, ಸ್ಕ್ಯಾನಿಂಗ್ ಎಲ್ಲಾ ಆದ ಮ್ಯಾಲೆ, ಚರಬಿ ಅಂದ್ರ ಕೊಬ್ಬು ಏನರ ತಿಂದೈತೇನು ಅಂತ ಕೇಳಿದರು. ಸುಂದರಾಬಾಯಿಗೆ ಸಿಟ್ಟು ನೆತ್ತಿಗೇರಿತು. ಮಾಂಸ, ಚರಬಿ ಅನ್ನೂದು ತಮ್ಮ ಹೊಸ್ತಿಲಾ ದಾಟಿಲ್ಲ, ಮೋತ್ಯಾ ಉಳ್ಳಾಗಡ್ಡಿ ಸುದ್ದಾ ಮುಟ್ಟಿಲ್ಲ ಅಂತ ಬಾಯಿ ಮಾಡಿದರು. ತಿಂದದ್ದು ಹೋಳಿಗಿ ತುಪ್ಪ ಅಷ್ಟ, ಅದೂ ಮನ್ಯಾಗ ಕಾಸಿದ್ದು, ನಮಸ್ಕಾರ ಹಾಕತೈತಿ ಅಂತ ಕೊಟ್ಟದ್ದು.

ಡಾಕ್ಟರ ನಗು ತಡಕೊಂಡರು. "ಅದು ನಮಸ್ಕಾರ ಅಲ್ರೀ ಅಮ್ಮಾ, ಹೊಟ್ಟಿನೋವು. ಪ್ಯಾಂಕ್ರಿಯಾಸ್ ಗ್ರಂಥಿಗೆ ಬಾವು ಬಂದೈತಿ. ತುಪ್ಪಾನೂ ಚರಬೀನ."

ಸುಂದರಾಬಾಯಿ ಮೋತ್ಯಾನ ತಲಿ ಸವರಿದರು. ನೋವಿಗೆ ಬಗ್ಗಿದ ಕೂಸನ್ನ ಮಂದಿ ಕರದು ತೋರಿಸಿದ್ನಲ್ಲಾ ಅಂತ ಗಳಗಳ ಅತ್ತರು. ಡಾಕ್ಟರ ಸಲಾಯಿನ್ ಹಚ್ಚಿದರು, ನೋವಿಗೆ, ವಾಂತಿಗೆ ಇಂಜೆಕ್ಷನ್ ಕೊಟ್ಟರು. ತಾನಾಗಿ ತಿಂದರ ಗೆದ್ದಂಗ ಅಂದ್ರು ಡಾಕ್ಟರ, ಅದಕ್ಕಿಂತ ಹೆಚ್ಚಿನ ಭರವಸಾ ಕೊಡಲಿಲ್ಲ.

ಮರುದಿನ ದವಾಖಾನ್ಯಾಗ ಸುಂದರಾಬಾಯಿ ಬರೇ ಮೆತ್ತನ್ನ ಅನ್ನ ಅಂಗೈಯಾಗ ಹಿಡದು ಕುಂತರು. ಮೋತ್ಯಾ ಮೂಸಿತು. ಇದೇನು ಕೊಟ್ಟಿ ಅನ್ನೂಹಂಗ ಅವರ ಮಾರಿ ನೋಡಿತು. ಆಮ್ಯಾಲೆ ಸಾವಕಾಶ ನೆಕ್ಕಿತು. ಸುಂದರಾಬಾಯಿ ಸೆರಗಿಲೆ ಕಣ್ಣು ಒರಸಿಕೊಂಡರು.

ಇನ್ನ ಮ್ಯಾಲೆ ಅದಕ್ಕ ಜಿಡ್ಡು ಪೂರಾ ಬಂದ್. ಮೋತ್ಯಾ ಮನಿಗೆ ಬಂದ ದಿನ ಗಂಡ ತಾತ್ಯಾಸಾಹೇಬರು ಊಟಕ್ಕ ಕುಂತು, ತುಪ್ಪದ ಗಿಂಡಿ ಕಾಣದ ಅತ್ತಿತ್ತ ನೋಡಿದರು. ಅವರ ಹಾರ್ಟ್ ಡಾಕ್ಟರ ವರ್ಷಾನುಗಟ್ಟಲೆ ಬಡಕೊಂಡರೂ ಆ ಮನ್ಯಾಗ ತುಪ್ಪ ತಪ್ಪಿದ್ದಿಲ್ಲ. ಎಲ್ಲೈತಿ ಅಂತ ಕೇಳಿಯೂ ಬಿಟ್ಟರು.

ಸುಂದರಾಬಾಯಿ ಬ್ಯಾಳಿ ಹಾಕಿ, ದನಿ ಇಳಿಸಿ ಹೇಳಿದರು, "ಮೋತ್ಯಾನ ಹೊಟ್ಟಿ ಈಗಷ್ಟ ನೆಟ್ಟಗಾಗೇತಿ. ಅದರ ಮುಂದ ತುಪ್ಪ ಉಂಡು ಮತ್ತ ಹೊಟ್ಟಿ ಉರಸಬ್ಯಾಡ್ರಿ."