ಆರ್ಲೆನ್ ನೋಡಿ ಹೋದ ಮನೆಗಳು

ಮೇಲೆ ಮೊದಲ ಗಂಟೆ ಬಾರಿಸುವ ಹೊತ್ತಿಗೆ ರೆನೇ ಚರ್ಚಿನ ನೆಲಮಾಳಿಗೆಯಲ್ಲಿ ಮೊಣಕಾಲೂರಿ, ಕಟ್ಟಡವನ್ನು ಬಿಸಿಯಾಗಿಡುವ ಫರ್ನೇಸಿನ ಕೊನೆಯ ಸ್ಕ್ರೂ ಬಿಚ್ಚುತ್ತಿದ್ದಳು. ಶವಸಂಸ್ಕಾರಕ್ಕೆಂದು ಕೊಂಡ ಕಪ್ಪು ಉಡುಪಿಗೆ ಆಗಲೇ ಮಸಿ ಹತ್ತಿತ್ತು. ಹೊರಗೆ ಎಂಜಲು ಉಗಿದರೆ ನೆಲ ಮುಟ್ಟುವುದರೊಳಗೆ ಹೆಪ್ಪುಗಟ್ಟುವ ಜನವರಿ. ಮೇಲೆ ಇನ್ನೂರು ಜನ, ಅವರ ಮುಂದೆ ಪೆಟ್ಟಿಗೆಯಲ್ಲಿ ಅವಳ ಅಪ್ಪ ಆರ್ಲೆನ್ ಸ್ಕೋಗ್ಮೋ. ನಲವತ್ತೊಂದು ವರ್ಷ ಪ್ರತಿ ಶರತ್ಕಾಲದಲ್ಲಿ ಊರಿನ ಫರ್ನೇಸುಗಳನ್ನೆಲ್ಲ ಬಿಚ್ಚಿ, ಒರೆಸಿ, ಪರೀಕ್ಷಿಸಿ ಚಳಿಗಾಲಕ್ಕೆ ಸಿದ್ಧಮಾಡಿದವನು. ಅವನ ದಿನದಂದೇ ಚರ್ಚಿನದು ಕೈಕೊಡಬೇಕೇ?

"ನಿನ್ನನ್ನ ಕರೀಬಾರದಿತ್ತು," ಎಂದ ಟಾರ್ಚ್ ಹಿಡಿದು ನಿಂತಿದ್ದ ಮೈಲೋ. ಚರ್ಚಿನ ಉಸ್ತುವಾರಿಯ ಮುದುಕ, ಅಪ್ಪನ ಗೆಳೆಯ. "ಆದ್ರೆ ಮೈನಾಟ್‌ನಿಂದ ಬೇರೆಯವನನ್ನ ಕರೆಸಿದ್ರೆ ನಿಮ್ಮಪ್ಪ ಪೆಟ್ಟಿಗೆಯಿಂದ ಎದ್ದು ಬರ್ತಿದ್ದ."

"ಬರ್ಲಿ. ನನಗೊಂದು ಕೈಯಾದ್ರೂ ಸಿಗುತ್ತೆ. ಬೆಳಕು ಈ ಕಡೆ ಹಿಡೀರಿ."

ಫರ್ನೇಸಿನ ತಗಡಿನ ಮೈಮೇಲೆ ಅಪ್ಪನ ಕೈಬರಹ. ವರ್ಷಕ್ಕೊಂದು ಸಾಲು, ದಿನಾಂಕ, ಹೆಸರಿನ ಎರಡಕ್ಷರ. ಕೊನೆಯ ಸಾಲು ಹೋದ ಅಕ್ಟೋಬರಿನದು, ಪಕ್ಕದಲ್ಲಿ 'ಸರಿಯಿದೆ' ಎಂದು ಬರೆದಿತ್ತು. ಅಕ್ಷರ ಸ್ವಲ್ಪ ಸೊಟ್ಟ.

ರೆನೇ ಗುಂಡಿ ಒತ್ತಿದಳು. ನೀಲಿ ಉರಿ ಹತ್ತಿತು. ಫ್ಯಾನ್ ತಿರುಗತೊಡಗಿದ್ದೇ ತಡ, ಮೂರನೆಯ ಗೂಡಿನ ಉರಿ ಹಳದಿಯಾಗಿ ಬಾಗಿ ಹೊರಗೆ ನಾಲಿಗೆ ಚಾಚಿತು. ಅವಳು ತಟ್ಟನೆ ಗ್ಯಾಸ್ ಮುಚ್ಚಿದಳು. ಕೋಲಿನ ತುದಿಯ ಕನ್ನಡಿಯನ್ನು ಒಳಗೆ ತೂರಿಸಿ ನೋಡಿದರೆ, ಉರಿ ಹಾಯುವ ಲೋಹದ ಗೂಡಿನಲ್ಲಿ ಗೇಣುದ್ದದ ಬಿರುಕು. ಬಿರುಕಿನ ಎರಡು ಅಂಚೂ ತುಕ್ಕು ಹಿಡಿದು ಕಂದಾಗಿದ್ದವು. ಇದು ಈ ವಾರದ್ದಲ್ಲ, ಅಕ್ಟೋಬರಿನದೂ ಅಲ್ಲ. ಎರಡು ಚಳಿಗಾಲವಾದರೂ ಕಂಡ ಬಿರುಕು.

"ಇಲ್ಲಿ ಯಾರಿಗಾದ್ರೂ ತಲೆನೋವು ಬಂದಿತ್ತಾ?"

"ಹೋದ ಭಾನುವಾರ ಅರ್ಧ ಸಭೆಗೇ ಬಂದಿತ್ತು," ಎಂದ ಮೈಲೋ. "ಪಾಸ್ಟರಮ್ಮನ ಪ್ರವಚನ ಉದ್ದ ಆಯ್ತು, ಅದಕ್ಕೇ ಅಂದ್ಕೊಂಡ್ವಿ."

ಬಿರುಕಿನಿಂದ ನುಸುಳುವ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರೆನೇ ಚೀಲದಿಂದ ಕೆಂಪು ಚೀಟಿ ತೆಗೆದಳು. ಅದನ್ನು ಕಟ್ಟಿದ ಫರ್ನೇಸನ್ನು ರಿಪೇರಿಯಾಗುವ ತನಕ ಯಾರೂ ಹೊತ್ತಿಸುವಂತಿಲ್ಲ.

ಮೈಲೋ ಚೀಟಿಯನ್ನೂ ತಗಡಿನ ಮೇಲಿನ ಕೊನೆಯ ಸಾಲನ್ನೂ ನೋಡಿದ. ಮುದುಕ ದಡ್ಡನಲ್ಲ. "ಒಂದೇ ಒಂದು ಗಂಟೆ ಉರೀಲಿ ರೆನೇ. ಅವನನ್ನ ಮರ್ಯಾದೆಯಿಂದ ಕಳಿಸಿಕೊಡೋಣ. ಆಮೇಲೆ ಕಟ್ಟು. ಇವತ್ತೇ ಒಡೀತು ಅಂದ್ರಾಯ್ತು, ಯಾರು ಕೇಳ್ತಾರೆ?"

ಯಾರೂ ಕೇಳುತ್ತಿರಲಿಲ್ಲ ನಿಜ. ಆದರೆ ಅದೇ ಅಕ್ಟೋಬರಿನಲ್ಲಿ ಅಪ್ಪ ಇನ್ನೂ ನೂರಹನ್ನೆರಡು ಮನೆಗಳಲ್ಲಿ 'ಸರಿಯಿದೆ' ಎಂದು ಬರೆದು ಬಂದಿದ್ದ.

* * *

ಆಗಸ್ಟಿನಲ್ಲಿ ರೆನೇ ಊಟದ ಮೇಜಿನ ಮುಂದೆ ಕುಳಿತು ವಿಷಯ ಹೇಳಿದ್ದಳು. ದೂರದ ದಕ್ಷಿಣದ ಟೂಸಾನ್‌ನ ಕಸುಬು ಶಾಲೆಯಲ್ಲಿ ಪಾಠ ಹೇಳುವ ಕೆಲಸ, ಫೆಬ್ರವರಿ ಒಂದಕ್ಕೆ ಶುರು. ಹಿಮವೇ ಇಲ್ಲದ ಊರು. ಹನ್ನೊಂದು ವರ್ಷ ಅಪ್ಪನ ಜೊತೆ ಪರರ ನೆಲಮಾಳಿಗೆಗಳಲ್ಲಿ ತೆವಳಿದ್ದು ಸಾಕಾಗಿತ್ತು.

ಅಪ್ಪ ಚಮಚ ನೆಕ್ಕಿ ಕೆಳಗಿಟ್ಟ. "ಹೋಗು. ಇದೊಂದು ಸೀಸನ್ ತಾನೆ? ಹಳೇ ಮನೆಗಳನ್ನೆಲ್ಲ ನಾನೇ ನೋಡ್ತೀನಿ. ಹೊಸ ಬಡಾವಣೆ ನಿಂದು."

ಸೆಪ್ಟೆಂಬರಿನಲ್ಲೊಂದು ದಿನ ಅವನು ಅನಿಲ ಅಳೆಯುವ ಮೀಟರನ್ನು ಅವಳ ಕೈಗಿತ್ತ. "ಎಷ್ಟು ತೋರಿಸ್ತಿದೆ, ಓದು. ನನ್ನ ಕನ್ನಡಕ ಗಾಡೀಲಿದೆ."

ಕನ್ನಡಕ ಅವನ ಮೂಗಿನ ಮೇಲೇ ಇತ್ತು. ರೆನೇ ಹೊಟ್ಟೆ ಹಿಡಿದು ನಕ್ಕಳು. ರಾತ್ರಿ ಊಟಕ್ಕೆ ಕೂತಾಗ ಅದನ್ನೇ ಅಮ್ಮನಿಗೆ ಹೇಳಿ ಮತ್ತೊಮ್ಮೆ ನಕ್ಕಳು. ಅಮ್ಮ ಮಾತ್ರ ನಗಲಿಲ್ಲ.

* * *

ರೆನೇ ಕೆಂಪು ಚೀಟಿ ಕಟ್ಟಿ ಮೇಲೆ ಬಂದಾಗ ಅಮ್ಮ ವರ್ನಾ ಮುಂದಿನ ಬೆಂಚಿನಲ್ಲಿ ಕೋಟು ಹೊದ್ದು ಕುಳಿತಿದ್ದಳು. ಪಕ್ಕದಲ್ಲಿ ಎಂಬತ್ತು ದಾಟಿದ ನೆರೆಮನೆಯ ಆರ್ಡೆಲ್ಲಾ, ಬಾಯಿಗೆ ಬಿಡುವಿಲ್ಲದವಳು.

"ನಿಮ್ಮಜ್ಜಿ ಫರ್ನೇಸಿಗೇ ಕ್ರಿಸ್‌ಮಸ್ ಹಿಂದಿನ ದಿನ ಕೆಂಪು ಚೀಟಿ ಕಟ್ಟಿದ ಮನುಷ್ಯ ಕಣೆ ನಿಮ್ಮಪ್ಪ," ಎಂದಳು ಆರ್ಡೆಲ್ಲಾ, ರೆನೇಯ ಮಸಿಗೈ ಹಿಡಿದುಕೊಂಡು. "ಸ್ವಂತ ಅತ್ತೆ. ಒಂಬತ್ತು ದಿನ ಅವನ ಮನೇಲೇ ಠಿಕಾಣಿ ಹೂಡಿದ್ಲು. ಅವಳ ಬಾಯಿ ತಡ್ಕೊಂಡನೇ ಹೊರತು ಚೀಟಿ ಬಿಚ್ಚಲಿಲ್ಲ. ನಮ್ಮದನ್ನೂ ಅಕ್ಟೋಬರ್‌ನಲ್ಲಿ ನೋಡಿ ಹೋದ. ಆರ್ಲೆನ್ ಸರಿಯಿದೆ ಅಂದ್ಮೇಲೆ ನಾನು ನಿಶ್ಚಿಂತೆಯಾಗಿ ಮಲಗ್ತೀನಪ್ಪ."

"ನಿಮಗೆ ತಲೆನೋವೇನಾದ್ರೂ ಇದೆಯಾ?"

"ಈ ವಯಸ್ಸಿಗೆ ಯಾವ ನೋವಿಲ್ಲ ಹೇಳು."

ರೆನೇ ಅಮ್ಮನನ್ನು ವೇದಿಕೆಯ ಪಕ್ಕದ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದಳು. "ಅಪ್ಪನಿಗೆ ಕಣ್ಣು ಕಾಣ್ತಿರಲಿಲ್ಲ, ಅಲ್ವಾ?"

ಅಮ್ಮ ಕೈಗವಸು ತೆಗೆದಳು, ಮತ್ತೆ ಹಾಕಿಕೊಂಡಳು. "ನಟ್ಟನಡುವೆ ಕಪ್ಪು ಕಲೆ. ಅಂಚಲ್ಲಿ ಕಾಣ್ತಿತ್ತು. ನನ್ನ ಮುಖ ನೋಡಿದ್ರೆ ಕಿವಿ ಕಾಣ್ತಿತ್ತಂತೆ, ಮೂಗಿಲ್ಲ. ಎರಡು ವರ್ಷ ಆಯ್ತು. ಶಬ್ದ ಕೇಳಿದ್ರೇ ನನಗೆ ಗೊತ್ತಾಗುತ್ತೆ ಅಂತಿದ್ದ."

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಹೋಗ್ತಿದ್ಯಾ?"

ರೆನೇಗೆ ಸಿಟ್ಟು ಉಕ್ಕಿತು. ಸತ್ತವನನ್ನು ಎಬ್ಬಿಸಿ ಬೈಯುವಷ್ಟು ಸಿಟ್ಟು. ಮಗಳನ್ನು ಬಿಟ್ಟುಕೊಡಲೆಂದೇ ಕುರುಡುಗಣ್ಣಲ್ಲಿ ಮನೆ ಮನೆ ಹೊಕ್ಕವನು, ಈಗ ಅವಳ ಕಾಲಿಗೇ ಸರಪಳಿ ಬಿಗಿದು ಮಲಗಿದ್ದ. ಅವನ ಮೇಲೆ ಎಷ್ಟು ಸಿಟ್ಟಿತ್ತೋ ಅಷ್ಟೇ ಪ್ರೀತಿಯೂ ಇತ್ತು.

"ಇವತ್ತು ಬೇಡ ಮಗಳೇ," ಎಂದಳು ಅಮ್ಮ. "ಇವತ್ತೊಂದು ದಿನ ಅವನು ಒಳ್ಳೆಯವನಾಗೇ ಇರ್ಲಿ."

"ಇವರೆಲ್ಲ ಇವತ್ತು ರಾತ್ರೀನೂ ಮನೆಗೆ ಹೋಗಿ ಮಲಗ್ತಾರಮ್ಮ."

ಅಮ್ಮ ಮುಖ ತಿರುಗಿಸಿದಳು. ಆದರೆ ಬಾಗಿಲು ತೆರೆದುಕೊಟ್ಟವಳು ಅವಳೇ.

ರೆನೇ ಪೆಟ್ಟಿಗೆಯ ಪಕ್ಕ ನಿಂತಳು. ಜನರ ಬಾಯಿಂದ ಆಗಲೇ ಬಿಳಿ ಉಗಿ ಏಳುತ್ತಿತ್ತು.

"ಬಿಸಿ ಬರಲ್ಲ, ಕೋಟು ತೆಗೀಬೇಡಿ," ಎಂದಳು. "ಕೆಳಗೆ ಗೂಡು ಒಡೆದಿದೆ. ಅಪ್ಪ ಅದನ್ನ ನೋಡಲಿಲ್ಲ. ಅವರಿಗೆ ಕಣ್ಣು ಹೋಗಿತ್ತು. ನಿಮ್ಮ ಮನೆಗಳದ್ದೂ ಹೇಗಿದೆಯೋ ನನಗೆ ಗೊತ್ತಿಲ್ಲ. ವಿಷಾನಿಲದ ಅಲಾರಂ ಇಲ್ಲದ ಮನೇಲಿ ಇವತ್ತು ಯಾರೂ ಮಲಗಬೇಡಿ. ಎಲ್ಲ ಮನೇನೂ ನಾನೇ ಬಂದು ನೋಡ್ತೀನಿ."

ಹಿಂದಿನಿಂದ ಒಬ್ಬ ಕೇಳಿದ, "ನೀನು ಟೂಸಾನ್‌ಗೆ ಹೊರಟಿದ್ದೀಯಲ್ಲ?"

ಅರವತ್ತು ಮೈಲಿ ಸುತ್ತ ಈ ಕೆಲಸ ಬಲ್ಲವಳು ಅವಳೊಬ್ಬಳೇ. ಅದು ಕೇಳಿದವನಿಗೂ ಗೊತ್ತಿತ್ತು. ರೆನೇ ಹೋಗಿ ಅಮ್ಮನ ಪಕ್ಕ ಕುಳಿತಳು. ಪಾಸ್ಟರಮ್ಮ ಪುಸ್ತಕ ತೆರೆದು, ಕೈಗವಸಿನ ಬೆರಳುಗಳಲ್ಲಿ ಪುಟ ತಡಕುತ್ತಾ ಪ್ರಾರ್ಥನೆ ಶುರುಮಾಡಿದಳು.

ಎಲ್ಲ ಮುಗಿದ ಮೇಲೆ ಆರು ಜನ ಪೆಟ್ಟಿಗೆ ಹೊತ್ತು ನಡೆದರು. ಹೆಪ್ಪುಗಟ್ಟಿದ ನೆಲಕ್ಕೆ ಸನಿಕೆ ಇಳಿಯುವುದಿಲ್ಲ. ಮೇ ತಿಂಗಳಲ್ಲಿ ಮಣ್ಣು ಸಡಿಲವಾಗುವವರೆಗೆ ಆರ್ಲೆನ್ ಸ್ಮಶಾನದ ಕಲ್ಲುಕೋಣೆಯಲ್ಲಿ ಕಾಯಬೇಕು. ರೆನೇ ಬಾಗಿಲ ಬಳಿ ನಿಂತು, ಬಂದವರೆಲ್ಲ ಹೆಸರು ಬರೆದಿದ್ದ ದಪ್ಪ ಪುಸ್ತಕವನ್ನು ಎತ್ತಿಕೊಂಡಳು. ಪ್ರತಿ ಹೆಸರಿನ ಎದುರು, ತೀರಿಕೊಂಡವರ ಬಗ್ಗೆ ನಾಲ್ಕು ಮಾತು ಬರೆಯಲೆಂದು ಖಾಲಿ ಜಾಗ ಬಿಟ್ಟಿತ್ತು. ಮೊದಲ ಹೆಸರು ಆರ್ಡೆಲ್ಲಾಳದು. ಅದರ ಮುಂದೆ ರೆನೇ ಬರೆದಳು, 'ಇವತ್ತು, ಮೂರು ಗಂಟೆ'. ಅದರ ಕೆಳಗೆ, 'ಇವತ್ತು, ಐದು'. ಅದರ ಕೆಳಗೆ, 'ನಾಳೆ'. ಹೊರಗೆ ಶವದ ಗಾಡಿಯ ಬಾಗಿಲು ಮುಚ್ಚಿದ ಸದ್ದಾಯಿತು. ಅವಳು ತಲೆಯೆತ್ತದೆ ಪುಟ ತಿರುವಿದಳು. ಐದನೆಯ ಪುಟದ ಕೊನೆಗೆ ಬರುವಷ್ಟರಲ್ಲಿ ದಿನಾಂಕ ಫೆಬ್ರವರಿ ಒಂದನ್ನು ದಾಟಿ ಮಾರ್ಚಿಗೆ ಕಾಲಿಟ್ಟಿತ್ತು, ಹೆಸರುಗಳು ಇನ್ನೂ ಇದ್ದವು.